ಏಣಿ ಹಿಡಿದವಳ ಚಿತ್ರ

ನನ್ನದು ಹುಟ್ಟಾ ಪುಕ್ಕಲು ಸ್ವಭಾವ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್ಸಿಗೆ ಕಾಯುತ್ತಿದ್ದವಳು ಮನೆಗೆ ಓಡಿ ಬಂದು ನೋಡಿದ್ದುಂಟು. ಚಿಂತೆಗೆ ಕಾರಣ ಸಿಗದ ದಿನ ಅದನ್ನೇ ಒಂದು ಚಿಂತೆ ಮಾಡಿಕೊಳ್ಳುತ್ತಾಳೆ ಎಂದು ನನ್ನ ಯಜಮಾನರು ನೆಂಟರ ಮುಂದೆ ಹೇಳಿ ನಗಿಸುತ್ತಾರೆ. ಇಂಥವಳು ಶನಿವಾರ ಬಂತೆಂದರೆ ಮಕ್ಕಳಿಗೆ ಎದೆಗಾರಿಕೆಯ ಹೆಂಗಸರ ಕತೆ ಓದಿ ಹೇಳುತ್ತಿದ್ದೆ. ಯಾರೂ ಹೇರಿದ ಕೆಲಸವಲ್ಲ, ನಾನೇ ಮೈಮೇಲೆ ಎಳೆದುಕೊಂಡದ್ದು.

ಮಲ್ಲಂದೂರಿನಿಂದ ಸ್ವಲ್ಪ ಒಳಗಿರುವ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಅತಿಥಿ ಶಿಕ್ಷಕಿ. ಒಂದರಿಂದ ಐದನೇ ಕ್ಲಾಸಿನವರೆಗೆ ಎಲ್ಲ ಸೇರಿ ಹದಿನಾಲ್ಕು ಮಕ್ಕಳು. ಹೆಚ್ಚಿನವರು ಪಕ್ಕದ ದೊಡ್ಡ ಎಸ್ಟೇಟಿನ ಲೈನಿನವರು, ಅಂದರೆ ತೋಟದ ಆಳುಗಳಿಗೆಂದು ಕಟ್ಟಿಸಿದ ಸಾಲುಮನೆಗಳ ಮಕ್ಕಳು. ಶನಿವಾರ ಬೆಳಗಿನ ಶಾಲೆ, ಬ್ಯಾಗ್ ತರುವಂತಿಲ್ಲ. ಹೆಡ್‌ಮೇಷ್ಟ್ರಿಗೆ ಅವತ್ತೇ ಏನಾದರೊಂದು ಮೀಟಿಂಗು ಇರುತ್ತದೆ. ಹದಿನಾಲ್ಕು ಮಕ್ಕಳನ್ನು ಮಧ್ಯಾಹ್ನದವರೆಗೆ ಮರ ಹತ್ತದಂತೆ, ಹಲ್ಲು ಮುರಿದುಕೊಳ್ಳದಂತೆ ಕೂರಿಸುವುದು ಹೇಗೆ ಎಂಬ ಸಂಕಟದಲ್ಲಿ ಶುರುವಾದದ್ದು ಈ ಓದು.

ಶಾಲೆಯ ಕಬ್ಬಿಣದ ಬೀರುವಿನಲ್ಲಿ ಮಕ್ಕಳ ಚಿತ್ರಪುಸ್ತಕಗಳ ಒಂದು ಕಟ್ಟು ಇತ್ತು. ವಿಮಾನ ಹಾರಿಸಿದವಳು, ಊರಿಗೆ ಮೊದಲ ಡಾಕ್ಟರಾಗಿ ಬಂದವಳು, ಬೋಳು ಗುಡ್ಡದಲ್ಲಿ ಗಿಡ ನೆಟ್ಟವಳು, ಹಿಮದ ಬೆಟ್ಟ ಹತ್ತಿದವಳು, ಹೀಗೆ ವಾರಕ್ಕೊಬ್ಬಳು. ಮೊದಲು ನಾನು ಓದುವುದು, ಆಮೇಲೆ ಅವರು ಬಿಡಿಸುವುದು. ಬಣ್ಣದ ಪೆನ್ಸಿಲು, ಡ್ರಾಯಿಂಗ್ ಹಾಳೆ ಎಲ್ಲ ಎಸ್ಟೇಟಿನವರು ಕೊಡಿಸಿದ್ದು. ಪ್ರತಿ ಪೆಟ್ಟಿಗೆಯಲ್ಲೂ ಮೊದಲು ಮುಗಿಯುತ್ತಿದ್ದುದು ಮಕ್ಕಳು ಸ್ಕಿನ್ ಕಲರ್ ಎನ್ನುವ ತಿಳಿಗುಲಾಬಿ ಪೆನ್ಸಿಲು. ತರಗತಿಯಲ್ಲಿ ಒಬ್ಬರ ಮೈಬಣ್ಣವೂ ಹಾಗಿಲ್ಲ, ನನ್ನದಂತೂ ಅಲ್ಲವೇ ಅಲ್ಲ. ಎರಡು ವಾರ ನೋಡಿ, ರೇಗಿ, ಆ ಪೆನ್ಸಿಲುಗಳನ್ನೆಲ್ಲ ಆರಿಸಿ ನನ್ನ ಡ್ರಾಯರಿನಲ್ಲಿಟ್ಟೆ.

ನನ್ನ ಓದಿನಲ್ಲೂ ಒಂದು ಕಳ್ಳಾಟವಿತ್ತು. ಕತೆಯಲ್ಲಿ ಯಾರಾದರೂ ಬೀಳುವ, ಸಾಯುವ ಪುಟ ಬಂದರೆ ಎರಡು ಹಾಳೆ ಒಟ್ಟಿಗೆ ಮಗುಚಿ ಮುಂದಕ್ಕೆ ಹೋಗುತ್ತಿದ್ದೆ. ಮಕ್ಕಳು ಹೆದರಿಯಾರು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಬೆಟ್ಟ ಹತ್ತಿದವಳ ಕತೆ ಓದುವ ದಿನ ಮೂರನೇ ಕ್ಲಾಸಿನ ಒಬ್ಬಳು ಎದ್ದು ನಿಂತು, ನಡುವೆ ಒಂದು ಪುಟ ಬಿಟ್ಟಿರಿ ಎಂದಳು. ಸಣ್ಣ ದೇಹ, ಬಿಗಿಯಾಗಿ ಹೆಣೆದ ಎರಡು ಜಡೆ, ಮಾತು ಬಹಳ ಕಡಿಮೆ. ಅವಳು ಕೂರಲೇ ಇಲ್ಲ. ಹಿಂದಕ್ಕೆ ಮಗುಚಿ ಓದಬೇಕಾಯಿತು. ಮಂಜುಗಡ್ಡೆಯ ಬಿರುಕಿನ ಮೇಲೆ ಅಡ್ಡ ಹಾಕಿದ ಏಣಿಯಲ್ಲಿ ಆ ಹೆಂಗಸು ದಾಟುವಾಗ ಕಾಲು ಜಾರಿದ ಪುಟ ಅದು. ಹುಡುಗಿ ರೆಪ್ಪೆ ಮಿಟುಕಿಸದೆ ಕೇಳಿಸಿಕೊಂಡಳು.

ಮಾರನೆಯ ಶನಿವಾರ ನನಗೊಂದು ಯೋಚನೆ ಬಂತು. ಪುಸ್ತಕದವರು ಸಾಕು, ನೀವೇ ಕಣ್ಣಾರೆ ಕಂಡ ಒಬ್ಬ ಧೀರ ಹೆಂಗಸನ್ನು ಬಿಡಿಸಿ ಎಂದೆ. ಕಾಳುಮೆಣಸಿನ ಕೊಯ್ಲಿನ ಕಾಲ, ಕಾಫಿ ಹೂವರಳಿಸುವ ಹೂಮಳೆ ಇನ್ನೂ ಬಿದ್ದಿರಲಿಲ್ಲ, ಹೆಂಚಿನ ಕೆಳಗೆ ಸೆಖೆ. ಮಕ್ಕಳು ನೆಲದ ಮೇಲೆ ಬೋರಲಾಗಿ ಮಲಗಿ ಬರೆದರು. ನಾಲ್ಕು ಜನ ನನ್ನನ್ನೇ ಬರೆದಿದ್ದರು, ಅದು ಬೆಣ್ಣೆ ಹಚ್ಚುವ ಕೆಲಸ ಎಂದು ಗೊತ್ತಾಗದಷ್ಟು ದಡ್ಡಿ ನಾನಲ್ಲ. ಇಬ್ಬರು ಚೀಲ ಹೊತ್ತ ಆಶಾ ಕಾರ್ಯಕರ್ತೆಯನ್ನು ಬರೆದಿದ್ದರು, ಒಬ್ಬ ಹಾವು ಹೊಡೆದ ಅಜ್ಜಿಯನ್ನು ಬರೆದಿದ್ದ. ಆ ಮೂರನೇ ಕ್ಲಾಸಿನವಳು ಹಾಳೆಯ ಉದ್ದಕ್ಕೂ, ತೋಟದಲ್ಲಿ ನೆರಳಿಗೆ ಬೆಳೆಸುವ ಒಂದು ಸಿಲ್ವರ್ ಮರ ಎಳೆದು, ಅದಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ್ದಳು. ಮರಕ್ಕೆ ಆನಿಸಿದ ಏಣಿ. ಏಣಿಯ ತುದಿಯಲ್ಲಿ ಗಂಡಸರ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿ, ಸೊಂಟಕ್ಕೆ ಚೀಲ ಕಟ್ಟಿದ ಒಬ್ಬರು. ಟವೆಲಿನ ಕೆಳಗಿನಿಂದ ಉದ್ದ ಜಡೆಯೊಂದು ಇಳಿಬಿದ್ದಿತ್ತು. ಏಣಿಯ ಬುಡದಲ್ಲಿ ಎರಡು ಜಡೆಯ ಪುಟ್ಟ ಹುಡುಗಿಯೊಬ್ಬಳು ಅದನ್ನು ತಬ್ಬಿ ಹಿಡಿದು ನಿಂತಿದ್ದಳು.

ಚಿತ್ರ ಎಷ್ಟು ಚೆನ್ನಾಗಿತ್ತೆಂದರೆ ನಾನು ಯೋಚಿಸುವ ಗೋಜಿಗೇ ಹೋಗಲಿಲ್ಲ. ಎಲ್ಲ ಹಾಳೆಗಳ ಫೋಟೋ ತೆಗೆದು, 'ನಮ್ಮ ಮಕ್ಕಳು ಕಣ್ಣಾರೆ ಕಂಡ ಧೀರ ಮಹಿಳೆಯರು' ಎಂದು ಬರೆದು ಶಾಲೆಯ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಬಣ್ಣ ಕೊಡಿಸಿದವರಿಗೆ ಚಿತ್ರ ತೋರಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಎಸ್ಟೇಟಿನ ರೈಟರ್, ಅಂದರೆ ಆಳುಗಳ ಹಾಜರಿ, ತೋಟದ ಕೆಲಸ ಎಲ್ಲ ನೋಡಿಕೊಳ್ಳುವವರು, ಆ ಗುಂಪಿನಲ್ಲಿದ್ದರು.

ಕಳಿಸಿದೆ ಎಂದೆನಲ್ಲ, ಅದು ಆಗಲೇ ಹೋಗಲಿಲ್ಲ. ಶಾಲೆಯಲ್ಲಿ ನೆಟ್‌ವರ್ಕ್ ಇಲ್ಲ. ಬಸ್ಸು ಏರು ಹತ್ತಿ ದೊಡ್ಡ ತಿರುವಿಗೆ ಬಂದಾಗ ಎರಡು ನಿಮಿಷ ಸಿಗ್ನಲ್ ಸಿಗುತ್ತದೆ, ಆಮೇಲೆ ಮತ್ತೆ ಇಲ್ಲ. ಹಾಗಾಗಿ ಈ ಕಡೆಯವರೆಲ್ಲ ಇದ್ದಲ್ಲೇ ಮೆಸೇಜ್ ಒತ್ತಿ ಫೋನ್ ಚೀಲಕ್ಕೆ ಹಾಕಿಕೊಳ್ಳುತ್ತೇವೆ. ಅದು ಪಕ್ಕದಲ್ಲೊಂದು ಪುಟ್ಟ ಗಡಿಯಾರದ ಗುರುತು ಇಟ್ಟುಕೊಂಡು ಕಾಯುತ್ತಿದ್ದು, ತಿರುವಿನಲ್ಲಿ ತಾನಾಗಿ ಹೋಗಿಬಿಡುತ್ತದೆ. ಟಪಾಲು ಡಬ್ಬಿಗೆ ಹಾಕಿ ಬಂದವರ ಹಾಗೆ ನಾವು ಅದನ್ನು ಮರೆತಿರುತ್ತೇವೆ.

ಮಕ್ಕಳು ಹೊರಟ ಮೇಲೆ ಆ ಹುಡುಗಿ ಹಾಳೆ ಜೋಡಿಸಿಕೊಡಲು ಉಳಿದಳು. ಏಣಿ ಮೇಲೆ ಯಾರು ಎಂದು ಕೇಳಿದೆ. ಅಮ್ಮ ಎಂದಳು, ಮುಖ ಇಷ್ಟಗಲ ಮಾಡಿಕೊಂಡು. ತಕ್ಷಣ ಬಾಯಿ ಮುಚ್ಚಿಕೊಂಡಳು. ಹೇಳಬಾರದು ಎಂದು ಅಮ್ಮ ಹೇಳಿದ್ದರಂತೆ.

ಯಾಕೆಂದು ನನಗೆ ಗೊತ್ತಿತ್ತು. ನಮ್ಮ ಕಡೆ ಮೆಣಸು ಕೊಯ್ಯಲು ಏಣಿ ಹತ್ತುವವರು ಗಂಡಸರು. ಕೆಳಗೆ ಉದುರಿದ್ದನ್ನು ಆರಿಸುವುದು, ಗೊಂಚಲಿನಿಂದ ಕಾಳು ಬಿಡಿಸುವುದು ಹೆಂಗಸರ ಕೆಲಸ. ಹೆಂಗಸು ಏಣಿ ಹತ್ತಬಾರದು ಎಂದು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಹತ್ತುವುದಿಲ್ಲ, ಅಷ್ಟೆ. ಆದರೆ ಆ ಎಸ್ಟೇಟಿನಲ್ಲಿ ಹಿಂದಿನ ವರ್ಷ ಒಬ್ಬ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಸಾಹುಕಾರರು ಬಾಯಿ ಮಾತಿನಲ್ಲೇ ಕಟ್ಟಪ್ಪಣೆ ಮಾಡಿದ್ದರು. ಪಳಗಿದ ಗಂಡಾಳು ಬಿಟ್ಟು ಬೇರೆ ಯಾರೂ ಏಣಿ ಮುಟ್ಟಕೂಡದು, ಮಕ್ಕಳು ಹತ್ತಿರ ಸುಳಿಯಕೂಡದು, ಮೀರಿದವರು ಲೈನ್ ಮನೆ ಖಾಲಿ ಮಾಡಬೇಕು. ಹಾಗೆ ಬಿದ್ದವನು ಈ ಹುಡುಗಿಯ ಅಪ್ಪನೇ.

ತುಂಡು ತುಂಡಾಗಿ ಕೇಳಿ ವಿಷಯ ತಿಳಿದುಕೊಂಡೆ. ಮೆಣಸಿನ ಮರಗಳನ್ನು ಕಾಂಟ್ರಾಕ್ಟಿಗೆ ಕೊಟ್ಟಿದ್ದರು, ಕೊಯ್ದವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ. ಕಾಂಟ್ರಾಕ್ಟರ್ ಬರುವುದು ಸಂಜೆ ತೂಕಕ್ಕೆ ಮಾತ್ರ, ಯಾರು ಕೊಯ್ದರು ಎಂದು ಅವನು ಕೇಳುವವನಲ್ಲ. ತಾಯಿ ಗಂಡನ ಅಂಗಿ ತೊಟ್ಟು, ಬೆಳಕು ಹರಿಯುವಾಗ ಎಸ್ಟೇಟಿನ ಹಿಂದಿನ ಮೂಲೆಯ ಮರಗಳಿಗೆ ಏಣಿ ಹಾಕಿ, ಬೇರೆ ಆಳುಗಳು ಬರುವ ಹೊತ್ತಿಗೆ ಇಳಿದುಬಿಡುತ್ತಿದ್ದಳು. ಭಾನುವಾರ ಆಳುಗಳಿಗೆ ರಜೆ, ಅವತ್ತು ಮಾತ್ರ ಮಧ್ಯಾಹ್ನದವರೆಗೆ. ಏಣಿ ಹಿಡಿಯುವವಳು ಈ ಎಂಟು ವರ್ಷದವಳು. ಮೇಲಿನಿಂದ ಮನುಷ್ಯರು ಬಿದ್ದರೆ ಕೆಳಗೆ ನಿಂತ ಮಗುವಿನ ಗತಿ ಏನು? ಯಾರಿಗೆ ಹೇಳಲಿ? ಹೇಳಿದರೆ ಮನೆ ಹೋಗುತ್ತದೆ. ಹೇಳದಿದ್ದರೆ, ನಾಳೆ ಏನಾದರೂ ಆದರೆ, ಗೊತ್ತಿದ್ದೂ ಸುಮ್ಮನಿದ್ದವಳು ನಾನಾಗುತ್ತೇನೆ. ಇದನ್ನೇ ಕಡೆಯುತ್ತ ಬಸ್ಸು ಹತ್ತಿದೆ.

ತಿರುವಿನಲ್ಲಿ ಚೀಲದೊಳಗೆ ಫೋನು ಟಿಂಗ್ ಟಿಂಗ್ ಎಂದಿತು. ಆಗ ಒತ್ತಿಟ್ಟ ಚಿತ್ರಗಳ ನೆನಪಾಯಿತು. ತೆಗೆದು ನೋಡುವಷ್ಟರಲ್ಲಿ ಹದಿನಾಲ್ಕೂ ಹೋಗಿದ್ದವು. ಗಡಿಬಿಡಿಯಲ್ಲಿ ಒಂದರ ಬದಲು ಇನ್ನೊಂದನ್ನು ಒತ್ತಿ, ಕೊನೆಗೂ ಏಣಿಯ ಚಿತ್ರವನ್ನು ಎಲ್ಲರಿಗೂ ಅಳಿಸು ಎಂದು ಒತ್ತಿದೆ. ಅಷ್ಟರಲ್ಲಿ ಬಸ್ಸು ತಿರುವು ದಾಟಿತ್ತು. ಅಳಿಸುವ ಆಜ್ಞೆಯೂ ಈಗ ಸಿಗ್ನಲ್ಲಿಗೆ ಕಾಯುತ್ತ ಕೂತಿತು. ಇಳಿದು ಹಿಂದಕ್ಕೆ ಓಡಿಬಿಡಲೇ ಅನ್ನಿಸಿತು. ಇಳಿಯಲಿಲ್ಲ, ಮುಂದಿನ ಬಸ್ಸು ಸಂಜೆಗೆ. ಮನೆ ತಲುಪಿ ಚಪ್ಪಲಿ ಕೂಡ ಬಿಡದೆ ಸಿಗ್ನಲ್ ಸಿಗುವ ಬಚ್ಚಲುಮನೆಯ ಹಿಂದಕ್ಕೆ ಓಡಿದೆ. ಚಿತ್ರ ಅಳಿಸಿಹೋಯಿತು. ಅದಕ್ಕೆ ಮೊದಲೇ ರೈಟರ್ ಅದರ ಕೆಳಗೆ ಒಂದು ಪ್ರಶ್ನೆ ಚಿಹ್ನೆ ಹಾಕಿದ್ದರು.

ಅವತ್ತು ಸಂಜೆ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಭಾನುವಾರ ಬೆಳಿಗ್ಗೆ ರೈಟರ್ ಫೋನ್ ಮಾಡಿದರು. ಒಳ್ಳೆಯ ಮನುಷ್ಯ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಸುಳ್ಳು ಹೇಳಲು ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

"ಏಣಿ ಮೇಲಿರೋದು ಹೆಂಗಸಲ್ವಾ ಟೀಚರೇ? ಜಡೆ ಇತ್ತು," ಎಂದರು. "ನಮ್ಮ ತೋಟದ್ದಲ್ಲ ತಾನೇ? ಹೋದ ವರ್ಷ ಅವನನ್ನ ಜೀಪಲ್ಲಿ ಮಲಗಿಸ್ಕೊಂಡು ಹೋದೋನು ನಾನು. ಇನ್ನೊಬ್ರನ್ನ ಹಂಗೆ ಕರ್ಕೊಂಡು ಹೋಗೋಕೆ ನನ್ನಿಂದ ಆಗಲ್ಲ."

ಪುಸ್ತಕ ನೋಡಿ ಬರೆದದ್ದು ಎಂದೆ. ಬೆಟ್ಟ ಹತ್ತಿದವಳ ಕತೆ, ಮಗು ಹಿಮ ಕಂಡಿಲ್ಲವಲ್ಲ, ಮರ ಬರೆದಿದೆ ಎಂದೆ. ಇಷ್ಟು ಸರಾಗವಾಗಿ ಸುಳ್ಳು ನನ್ನ ಬಾಯಿಂದ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಕಣ್ಣಾರೆ ಕಂಡವರು ಎಂದು ಬರೆದಿದ್ದಿರಲ್ಲ ಎಂದಾಗಲಿ, ಹಾಗಾದರೆ ಅಳಿಸಿದ್ದು ಯಾಕೆ ಎಂದಾಗಲಿ ಅವರು ಕೇಳಲಿಲ್ಲ. ನಾಳೆ ಆ ಕಡೆ ಬರುತ್ತೇನೆ, ಪುಸ್ತಕ ನೋಡಿ ಹೋಗುತ್ತೇನೆ ಎಂದಷ್ಟೇ ಹೇಳಿ ಇಟ್ಟರು.

ಸೋಮವಾರ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಬಂದೇಬಿಟ್ಟರು. ಹೆಡ್‌ಮೇಷ್ಟ್ರು ಕುರ್ಚಿ ಹಾಕಿದರು. ಮಕ್ಕಳ ಎದುರೇ ನಾನು, ಪುಸ್ತಕ ನೋಡಿ ಬರೆದದ್ದು ಅಂತ ಆಗಲೇ ಹೇಳಿದೆನಲ್ಲ ಸರ್ ಎಂದೆ. ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು. ರೈಟರ್ ಚಿತ್ರ ಬರೆದದ್ದು ಯಾರೆಂದು ಕೇಳಿ, ಆ ಹುಡುಗಿಯನ್ನು ಹತ್ತಿರ ಕರೆದು, ಮೆತ್ತಗೆ, ಏಣಿ ಮೇಲೆ ಯಾರು ಮಗಾ ಎಂದು ಕೇಳಿದರು.

ಅವಳು ನನ್ನ ಮುಖ ನೋಡಿದಳು. ನಾನು ಡಸ್ಟರ್ ನೋಡಿದೆ.

"ಪುಸ್ತಕದೋರು ಸರ್," ಎಂದಳು.

ಯಾವ ಪುಸ್ತಕ ಎಂದು ಅವರು ಕೇಳುವ ಮೊದಲೇ ಬೀರುವಿಗೆ ಹೋಗಿ, ಬೆಟ್ಟ ಹತ್ತಿದವಳ ಪುಸ್ತಕ ತೆಗೆದು, ಮಂಜುಗಡ್ಡೆಯ ಬಿರುಕಿನ ಮೇಲಿನ ಏಣಿಯ ಪುಟ ಬಿಡಿಸಿ ಅವರ ತೊಡೆಯ ಮೇಲಿಟ್ಟಳು. ಆ ಹೆಂಗಸಿಗೂ ಜಡೆ ಇತ್ತು. ರೈಟರ್ ಪುಟವನ್ನು ಬಹಳ ಹೊತ್ತು ನೋಡಿ ಉಸಿರು ಬಿಟ್ಟರು. ಹಿಮದಲ್ಲೂ ಏಣಿ ಬೇಕಾ ಎಂದು ನಕ್ಕು, ಅವಳ ತಲೆ ನೇವರಿಸಿ ಹೋದರು. ನನ್ನ ಜೀವ ಬಂದ ಹಾಗಾಯಿತು. ಆ ಹುಡುಗಿ ಮಾತ್ರ ಆಮೇಲೆ ದಿನವಿಡೀ ನನ್ನ ಹತ್ತಿರ ಸುಳಿಯಲಿಲ್ಲ. ಕಣ್ಣಾರೆ ಕಂಡವಳನ್ನು ಬರೆ ಎಂದವಳೂ ನಾನೇ, ಅವಳು ಇಲ್ಲವೇ ಇಲ್ಲ ಎಂದು ಹೇಳಿಸಿದವಳೂ ನಾನೇ. ಅವತ್ತಿನಷ್ಟು ಸಣ್ಣವಳಾಗಿ ನಾನು ಯಾವತ್ತೂ ಕ್ಲಾಸಿನಲ್ಲಿ ನಿಂತಿರಲಿಲ್ಲ.

ಸಂಜೆ ಬಸ್ ಸ್ಟಾಪಿನಲ್ಲಿ ಅವಳ ತಾಯಿ ಕಾದಿದ್ದಳು. ಕೆಲಸ ಬಿಟ್ಟು ನೇರ ಬಂದಿದ್ದಳು, ಬೆರಳುಗಳು ಮೆಣಸಿನ ಕರೆಗೆ ಕಪ್ಪಾಗಿದ್ದವು. ಶಾಲೆಗೆ ಬಂದರೆ ನಾನು ಅವಳನ್ನು ನೀವು ಎನ್ನುತ್ತೇನೆ, ನಮ್ಮ ತೋಟಕ್ಕೆ ಕೂಲಿಗೆ ಬಂದರೆ ನೀನು ಎನ್ನುತ್ತೇನೆ. ಬಸ್ ಸ್ಟಾಪಿನಲ್ಲಿ ಏನನ್ನಬೇಕೋ ತಿಳಿಯಲಿಲ್ಲ.

"ಬಯ್ಯೋಕೆ ಬಂದಿಲ್ಲ ಟೀಚರೇ, ಮಗಳು ಎಲ್ಲ ಹೇಳಿದ್ಲು. ನೀವು ಹೇಳಿದ್ದು ನಮ್ಮ ಒಳ್ಳೇದಕ್ಕೇ ಆಯ್ತು," ಎಂದಳು. "ನನ್ನ ಮಗಳಿಗೆ ಸುಳ್ಳು ಹೇಳೋಕೆ ಬರ್ತಿರ್ಲಿಲ್ಲ. ಇವತ್ತು ಬಂತು."

ನಾನು ತಡೆದು ತಡೆದು, ಏಣಿ ಹತ್ತುವುದನ್ನು ಬಿಟ್ಟುಬಿಡಿ ಎಂದೆ. ಅದಾಗದಿದ್ದರೆ ಮಗುವನ್ನಾದರೂ ನಿಲ್ಲಿಸಬೇಡಿ ಎಂದೆ. ಅವಳು ಸಿಟ್ಟಾಗಲಿಲ್ಲ. ಹೆಣ್ಣಾಳಿನ ಕೂಲಿಯಲ್ಲಿ ಗಂಡನ ಔಷಧಿ ಮತ್ತು ಅಡುಗೆ ಎರಡೂ ನಡೆಯುವುದಿಲ್ಲವೆಂದಳು. ಲೈನಿನಲ್ಲಿ ಬೇರೆ ಯಾರನ್ನು ಏಣಿ ಹಿಡಿಯಲು ಕರೆದರೂ ಸುದ್ದಿ ಸಂಜೆಯೊಳಗೆ ಆಫೀಸಿಗೆ ಮುಟ್ಟುತ್ತದೆಂದಳು. ಆಮೇಲೆ ನನ್ನನ್ನು ನೇರ ನೋಡಿ, ನಿಮ್ಮ ತೋಟದ ಮೆಣಸು ಹಣ್ಣಾಗಿ ಉದುರುತ್ತಿರುವುದು ರಸ್ತೆಗೇ ಕಾಣುತ್ತದೆ, ಭಾನುವಾರ ನಾವು ಹೊರಗಿನ ಕೂಲಿಗೆ ಹೋಗಲು ಯಾರ ಅಡ್ಡಿಯೂ ಇಲ್ಲ, ನನ್ನನ್ನು ಕರೆಯಿರಿ ಎಂದಳು.

ನಿಜ. ನಮ್ಮದು ಸಣ್ಣ ಹಿಡುವಳಿ, ಏಣಿ ಹತ್ತುವವರು ಸಿಗದೆ ಯಜಮಾನರು ಆಲ್ದೂರಿನ ತನಕ ಹುಡುಕಿ ಬಂದಿದ್ದರು. ಆದರೂ ನನ್ನ ಬಾಯಿಂದ ಹೂಂ ಎಂಬುದು ಹೊರಡಲಿಲ್ಲ. ನಮ್ಮ ಮರದಿಂದ ಬಿದ್ದರೆ ಎಂಬ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ವಾರ ವಾರ ಅಷ್ಟೊಂದು ಧೀರ ಹೆಂಗಸರನ್ನು ಓದಿದವಳು ಒಬ್ಬಳು ಎದುರು ಬಂದು ನಿಂತಾಗ ನೆಲ ನೋಡಿದೆ. ಅವಳಿಗೆ ಅರ್ಥವಾಯಿತು.

"ಹೆದರ್ಬೇಡಿ," ಎಂದಳು. "ಬಿದ್ರೆ ನಿಮ್ಮ ಹೆಸರು ಹೇಳಲ್ಲ."

ಅದರಲ್ಲಿ ಚುಚ್ಚುಮಾತಿನ ಲವಲೇಶವೂ ಇರಲಿಲ್ಲ. ಸಮಾಧಾನಕ್ಕೆಂದೇ ಹೇಳಿದ್ದಳು. ಬಸ್ಸು ಬಂತು, ಹತ್ತಿ ಕೂತು ಮುಖ ಮುಚ್ಚಿಕೊಂಡು ಅತ್ತೆ. ಕಂಡಕ್ಟರ್ ಟಿಕೆಟ್ ಕೇಳದೆ ಮುಂದಕ್ಕೆ ಹೋದ.

ಮನೆಯಲ್ಲಿ ಮೂರು ದಿನ ಜಟಾಪಟಿ. ಹೆಂಗಸು ಏಣಿಯಿಂದ ಬಿದ್ದರೆ ಊರು ಏನೆನ್ನುತ್ತದೆ ಮಾರಾಯ್ತಿ ಎಂದು ಯಜಮಾನರು. ಗಂಡಸು ಬಿದ್ದಾಗ ಊರು ಏನೆಂದಿತು ಎಂದು ನಾನು. ನನ್ನ ಒಳಗೂ ಅದೇ ಭಯ ಕೂತಿತ್ತೆಂದು ಅವರಿಗೆ ಗೊತ್ತಾಗಬಾರದೆಂದೇ ಅಷ್ಟು ಜೋರು ಮಾಡಿದೆ. ನಾಲ್ಕನೆಯ ದಿನ ಅವರು ಏನೂ ಹೇಳದೆ ಅಟ್ಟದಿಂದ ಹೊಸ ಹಗ್ಗ ಇಳಿಸಿ, ಅಂಗಳದಲ್ಲಿ ಕೂತು ಗಂಟು ಹಾಕಿ ಎಳೆದು ನೋಡತೊಡಗಿದರು. ನಾನು ಮಡಚಿದ ಚೀಟಿಯೊಂದನ್ನು ಹುಡುಗಿಯ ಕೈಲಿ ಅವಳ ತಾಯಿಗೆ ಕಳಿಸಿದೆ. ಎಸ್ಟೇಟಿನ ಏಣಿ ಮುಟ್ಟಬಾರದು, ಮಗು ಏಣಿ ಹಿಡಿಯಬಾರದು ಎಂಬ ಎರಡು ಕರಾರು ಹಾಕಿದೆ. ಅಲ್ಲಿ ಉಳಿದದ್ದು ಇನ್ನು ನಾಲ್ಕು ಮರ, ಬಿಟ್ಟೆ ಎಂದು ಅದೇ ಚೀಟಿಯಲ್ಲಿ ಉತ್ತರ ಬಂತು.

ಭಾನುವಾರ ಬೆಳಿಗ್ಗೆ ತಾಯಿ ಮಗಳು ಇಬ್ಬರೂ ಬಂದರು. ಗಂಡನ ಅಂಗಿಯೇ ತೊಟ್ಟಿದ್ದಳು, ತಲೆಗೆ ಟವೆಲ್ ಇರಲಿಲ್ಲ, ಜಡೆ ಬೆನ್ನ ಮೇಲಿತ್ತು. ಯಜಮಾನರು ಅವಳ ಸೊಂಟಕ್ಕೆ ಹಗ್ಗ ಕಟ್ಟಿಸಿ, ಏಣಿಯ ತಲೆಯನ್ನು ಮರಕ್ಕೆ ಬಿಗಿಸಿ, ಮೂರು ಸಲ ಅಲುಗಿಸಿ ನೋಡಿ, ಚೀಲ ತರಲು ಕಣದ ಕಡೆ ಹೋದರು. ಹುಡುಗಿಯನ್ನು ಜಗಲಿಯ ಮೇಲೆ ಪುಸ್ತಕ ಕೊಟ್ಟು ಕೂರಿಸಿದ್ದೆ. ಏಣಿ ಹಿಡಿದವಳು ನಾನು.

ಅವಳು ಸರಸರ ಹತ್ತಿದಳು. ನಾನು ಕತ್ತೆತ್ತಿ ಅವಳ ಹಿಮ್ಮಡಿಯನ್ನೇ ನೋಡುತ್ತ ನಿಂತೆ. ಕಾಲು ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಸರಿದಾಗಲೆಲ್ಲ ನಾನು ಏಣಿಯನ್ನು ಇನ್ನಷ್ಟು ಬಿಗಿಯಾಗಿ ತಬ್ಬುತ್ತಿದ್ದೆ. ಕಣ್ಣಿಗೆ ತೊಗಟೆಯ ಪುಡಿ ಬಿತ್ತು. ಅಂಗೈ ಬೆವೆತು ಏಣಿ ಜಾರುವ ಹಾಗಾಯಿತು. ಹುಡುಗಿ ಯಾವಾಗ ಜಗಲಿಯಿಂದ ಎದ್ದು ಬಂದಳೋ ಗೊತ್ತಿಲ್ಲ. ಆ ಸೋಮವಾರದಿಂದ ನನ್ನ ಹತ್ತಿರ ಮಾತಾಡದಿದ್ದವಳು ಬಗ್ಗಿ ನನ್ನ ಚಪ್ಪಲಿ ಬಿಡಿಸಿದಳು. ನನ್ನ ಬಲಗಾಲನ್ನು ಎರಡು ಕೈಯಲ್ಲಿ ಹಿಡಿದು ಏಣಿಯ ಬುಡಕ್ಕೆ ಅಡ್ಡ ಇಡಿಸಿದಳು.

"ಮೇಲೆ ನೋಡ್ಬಾರ್ದು ಟೀಚರ್," ಎಂದಳು. "ನೋಡಿದ್ರೆ ಹೆದರಿಕೆ ಆಗ್ತದೆ. ಹೆದರಿಕೆ ಆದ್ರೆ ಕೈ ನಡುಗ್ತದೆ, ಅದು ಏಣೀಲಿ ಅಮ್ಮಂಗೆ ಗೊತ್ತಾಗ್ತದೆ."

ನಾನು ಕತ್ತು ಇಳಿಸಿದೆ. ಕಣ್ಣಿನ ಎದುರು ಮರದ ತೊಗಟೆ ಬಿಟ್ಟರೆ ಬೇರೇನೂ ಇಲ್ಲ.

"ಹಾಗಾದ್ರೆ ನೀನು ಎಂತ ನೋಡ್ತಿದ್ದೆ?" ಎಂದು ಕೇಳಿದೆ.

"ಇರುವೆ. ಅಮ್ಮ ಇಳಿಯೋವರೆಗೂ ಎಣಿಸ್ತಿದ್ದೆ."

ಅವಳನ್ನು ಜಗಲಿಗೆ ಕಳಿಸಿದೆ. ಕೈ ಬಿಗಿ ಮಾಡಿಕೊಂಡು, ತೊಗಟೆಯ ಬಿರುಕಿನಲ್ಲಿ ಸಾಲುಗಟ್ಟಿ ಹೋಗುತ್ತಿದ್ದ ಇರುವೆಗಳನ್ನು ಒಂದರಿಂದ ಎಣಿಸತೊಡಗಿದೆ.